ನಾಯಕ ನ್ಯೂಜಿಲೆಂಡಿನ ಮೂಲನಿವಾಸಿ ಮಾವೊರಿ ಜನಾಂಗದ ರಗ್ಬಿ ಆಟಗಾರನಾದರೆ, ಪ್ರೇಮಕಥೆಯಲ್ಲಿ ಪಂದ್ಯಕ್ಕೆ ಮುಂಚಿನ ಹಾಕಾ ಕುಣಿತ ಬಿಟ್ಟು ಇನ್ನೇನು ಬರಬೇಕು?

ಮೊದಲು ಅವನ ಮನೆಯವರು ಬರಬೇಕು. ಹಾಕಾ ಕುಣಿತವನ್ನು ಟಿವಿಯಲ್ಲಿ ಎಲ್ಲರೂ ನೋಡಿರುತ್ತಾರೆ, ಅದನ್ನೇ ಪುಟಗಟ್ಟಲೆ ಬರೆದರೆ ಸುಮ್ನೆ ಅಲಂಕಾರ. ಮಾವೊರಿಗಳು ತಮ್ಮ ಪರಿಚಯ ಹೇಳುವಾಗ ತಮ್ಮ ಬೆಟ್ಟ, ನದಿ, ಹಿರಿಯರನ್ನೂ ಹೇಳುತ್ತಾರೆ. ಮಾವೊರಿ ಆಲ್ ಬ್ಲ್ಯಾಕ್ಸ್ ಎಂಬ ಅವರ ರಗ್ಬಿ ತಂಡಕ್ಕೆ ಸೇರಲೂ ಆ ವಂಶದ ನಂಟು ಬೇಕು. ಹಾಗಾಗಿ ಹುಡುಗಿಯನ್ನು ಮೊದಲ ಸಲ ಮರಾಯೆಗೆ, ಅಂದರೆ ಕುಲದವರೆಲ್ಲ ಸೇರುವ ಜಾಗಕ್ಕೆ, ಕರೆದುಕೊಂಡು ಹೋಗುವ ದೃಶ್ಯ ಫೈನಲ್ ಪಂದ್ಯಕ್ಕಿಂತ ಜಾಸ್ತಿ ಎದೆ ಹೊಡೆದುಕೊಳ್ಳುವಂತಿರುತ್ತದೆ: ಹೆಂಗಸರ ಸ್ವಾಗತದ ಕೂಗು, ಹಿರಿಯರ ಮಾತು, ಹಾಡು, ಮೂಗಿಗೆ ಮೂಗು ತಾಗಿಸಿ ಉಸಿರು ಹಂಚಿಕೊಳ್ಳುವುದು, ಆಮೇಲೆ ಊಟ.

ಹುಡುಗನೇ ಬೆನ್ನು ಹತ್ತಬೇಕು ಅಂತೇನೂ ಇಲ್ಲ. ನ್ಯೂಜಿಲೆಂಡಿನ ರೊಟೊರುವಾ ಸರೋವರದ ಹಳೆಯ ಮಾವೊರಿ ಕಥೆಯಲ್ಲಿ, ಮನೆಯವರು ದೋಣಿ ಸಿಗದಂತೆ ಮಾಡಿದಾಗ ಹಿನೆಮೋವಾ ಎಂಬ ಹುಡುಗಿ ತೇಲಲು ಸೋರೆಬುರುಡೆ ಕಟ್ಟಿಕೊಂಡು, ಪ್ರಿಯಕರ ಟುಟಾನೆಕೈ ಊದುವ ಕೊಳಲಿನ ದನಿ ಹಿಡಿದು, ರಾತ್ರಿಯಲ್ಲಿ ಮೊಕೋಯಾ ದ್ವೀಪಕ್ಕೆ ಈಜಿಕೊಂಡು ಹೋಗುತ್ತಾಳೆ. ಎಂಥ ಧೈರ್ಯ, ಅಲ್ವಾ? ನನ್ನ ಕೇಳಿದರೆ ನಾಯಕಿಯನ್ನೇ ಆಟಗಾರ್ತಿ ಮಾಡಿ. ನ್ಯೂಜಿಲೆಂಡ್ ಹೆಣ್ಣುಮಕ್ಕಳು 2022ರಲ್ಲಿ ತಮ್ಮದೇ ದೇಶದ ಮೈದಾನವಾದ ಈಡನ್ ಪಾರ್ಕ್‌ನಲ್ಲೇ ರಗ್ಬಿ ವಿಶ್ವಕಪ್ ಗೆದ್ದಿದ್ದಾರೆ.

ಮಾವೊರಿ ಹಚ್ಚೆಯ ವಿಷಯದಲ್ಲಿ ಮಾತ್ರ ಹುಷಾರು. ಅದರಲ್ಲಿ ವಂಶದ ಕಥೆ ಇರುತ್ತದೆ, ನಾಯಕನ ತೋಳು ಚೆಂದ ಕಾಣಲಿ ಅಂತ ಬಿಡಿಸುವ ಚಿತ್ತಾರವಲ್ಲ.