ಟೀಮ್ ಚೆರ್ರಿಯ ದಾರಿ ಬದಿಯಡ್ಕಕ್ಕೆ ಎಷ್ಟು ಹೊಂದುತ್ತದೆ?

ಮೂವರೇ ಸೇರಿ ಕನ್ನಡ, ಮಲಯಾಳ ಎರಡರಲ್ಲೂ ಗೇಮ್ ಮಾಡಲು ಹೊರಟಿದ್ದೀರಿ. ಹಾಲೋ ನೈಟ್ ಎಂಬ ಗೇಮ್ ಮಾಡಿದ ಆಸ್ಟ್ರೇಲಿಯಾದ ಪುಟ್ಟ ತಂಡ ಟೀಮ್ ಚೆರ್ರಿಯವರ ಹಾಗೆ ಕಾಸರಗೋಡಿನ ಬದಿಯಡ್ಕದಲ್ಲೇ ಕೂತು ಮಾಡಬಹುದೇ, ಗೇಮ್ ಕಟ್ಟಲು ಅವರು ಬಳಸಿದ ಯೂನಿಟಿ ತಂತ್ರಾಂಶವೇ ಬೇಕೇ ಎಂದು ಕೇಳಿದ್ದೀರಿ. ಖಂಡಿತ ಮಾಡಬಹುದು. ಆದರೆ ಅವರ ಎರಡು ಹೆಜ್ಜೆ ನಮಗೆ ಹೊಂದುವುದಿಲ್ಲ.

ಟೀಮ್ ಚೆರ್ರಿ ಕಟ್ಟಿದ ಅಡಿಲೇಡ್‌ನ ಆರಿ ಗಿಬ್ಸನ್, ವಿಲಿಯಂ ಪೆಲೆನ್ 2013ರಲ್ಲಿ ಒಂದು ಗೇಮ್ ಜಾಮ್‌ಗೆ (ಕೆಲವೇ ದಿನಗಳಲ್ಲಿ ಆಟ ಮಾಡುವ ಸ್ಪರ್ಧೆ) ಪುಟ್ಟ ಆಟ ಮಾಡಿದರು. ಅದರ ಕೀಟವೀರನೇ ಮುಂದೆ ಹಾಲೋ ನೈಟ್‌ನ ನಾಯಕನಾದ. 2014ರ ಕೊನೆಗೆ ಜನರಿಂದ ಹಣ ಕೂಡಿಸುವ ಜಾಲತಾಣ ಕಿಕ್‌ಸ್ಟಾರ್ಟರ್‌ನಲ್ಲಿ 35,000 ಆಸ್ಟ್ರೇಲಿಯನ್ ಡಾಲರ್ ಕೇಳಿದರು, 57,000 ದಾಟಿತು. ಆಟ ಬಂದದ್ದು 2017ರ ಫೆಬ್ರವರಿಯಲ್ಲಿ. ಹಣ ಕೂಡಿಸುವಾಗ ಮಾತು ಕೊಟ್ಟಿದ್ದ ಒಂದು ಹೆಚ್ಚುವರಿ ಪಾತ್ರ ಬೆಳೆದು ಸಿಲ್ಕ್‌ಸಾಂಗ್ ಎಂಬ ಬೇರೆ ಆಟವೇ ಆಯಿತು, 2025ರ ಸೆಪ್ಟೆಂಬರ್‌ವರೆಗೆ ಎಳೆಯಿತು. ಹಾಗಾಗಿ ಹೊಸದನ್ನು ಸೇರಿಸುವ ಮಾತು ಮೊದಲೇ ಕೊಡಬೇಡಿ.

ಹೊಂದದ ಮೊದಲನೆಯದು ಕಿಕ್‌ಸ್ಟಾರ್ಟರ್: ಭಾರತದ ವಿಳಾಸದಿಂದ ಅಲ್ಲಿ ಯೋಜನೆ ತೆರೆಯಲಾಗದು. ಎರಡನೆಯದು ಯೂನಿಟಿ. ಅದರಲ್ಲಿ ಅಕ್ಷರ ತೋರಿಸುವ ಭಾಗವಾದ ಟೆಕ್ಸ್ಟ್‌ಮೆಶ್ ಪ್ರೊ ನಮ್ಮ ಒತ್ತಕ್ಷರಗಳನ್ನು ಕೂಡಿಸುವುದಿಲ್ಲ; 'ಸ್ತ್ರೀ' ಎಂದು ಬರೆದರೆ ಸ, ತ, ರ ಬಿಡಿಬಿಡಿಯಾಗಿ ನಿಂತು ನಡುವೆ ಅರ್ಧಾಕ್ಷರದ ಗುರುತು ಕಾಣುತ್ತದೆ. ಯೂನಿಟಿಯಂಥದ್ದೇ ಇನ್ನೊಂದು ತಂತ್ರಾಂಶ ಗೊಡೊ 4, ಅಕ್ಷರ ಜೋಡಿಸುವ ಹಾರ್ಫ್‌ಬಜ್ ಬಳಸುವುದರಿಂದ ಸರಿಯಾಗಿ ಜೋಡಿಸುತ್ತದೆ (ಗೊಡೊ 3 ಬೇಡ). ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿ, ಮಲಯಾಳದ್ದನ್ನು ಫಾಲ್‌ಬ್ಯಾಕ್ (ಮೊದಲ ಫಾಂಟಿನಲ್ಲಿಲ್ಲದ ಅಕ್ಷರಕ್ಕೆ ಬದಲಿ) ಆಗಿ ಕೊಡಿ. ಕಥೆ ಬರೆಯುವ ಮೊದಲೇ ಇದನ್ನು ಫೋನಿನಲ್ಲಿ ಪರೀಕ್ಷಿಸಿ.

ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ ಪ್ರತಿ ಆಟಕ್ಕೆ 100 ಅಮೆರಿಕನ್ ಡಾಲರ್ ಶುಲ್ಕ. ಶುಲ್ಕ ಕಟ್ಟಿದ ಮೇಲೆ ಆಟ ಬಿಡುಗಡೆಗೆ 30 ದಿನ ಕಾಯಬೇಕು. ತೆರಿಗೆ ಫಾರ್ಮಿನಲ್ಲಿ ಪ್ಯಾನ್ ಸಂಖ್ಯೆ ತಪ್ಪದೆ ತುಂಬಿ, ಇಲ್ಲವಾದರೆ ಅಮೆರಿಕದ ಮಾರಾಟದ ಪಾಲಿನಲ್ಲಿ 15ರ ಬದಲು ಶೇ. 30 ಕಡಿತವಾಗುತ್ತದೆ.