ಸಾಧನ-ಸಲಕರಣೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಉಚಿತ ಶ್ರವಣಸಾಧನ, ಕೃತಕ ಕಾಲು, ಗಾಲಿಕುರ್ಚಿ, ಬ್ಯಾಟರಿ ತ್ರಿಚಕ್ರ ವಾಹನಗಳ ಬಗ್ಗೆ ಈ ಬಾರಿ ಹೆಚ್ಚು ಪತ್ರಗಳು ಬಂದಿವೆ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನ ತಾಯಿಗೆ 71 ವರ್ಷ. ಕಿವಿ ಮಂದ, ಮಂಡಿ ಸವೆದಿದೆ. ಅಂಗವೈಕಲ್ಯ ಪ್ರಮಾಣಪತ್ರ ಇಲ್ಲದ್ದರಿಂದ ಸರ್ಕಾರದ ಸಾಧನ ಸಿಗುವುದಿಲ್ಲ ಎಂದು ಊರಲ್ಲಿ ಹೇಳುತ್ತಿದ್ದಾರೆ. ಹೌದೇ?
– ಓದುಗರು, ರಾಣೆಬೆನ್ನೂರು

ಉತ್ತರ: ಅಲ್ಲ. ಎರಡು ಯೋಜನೆಗಳನ್ನು ಒಂದೇ ಎಂದುಕೊಂಡು ಹೇಳುವ ಮಾತಿದು. ಅಂಗವೈಕಲ್ಯ ಪ್ರಮಾಣಪತ್ರ ಬೇಕಾಗುವುದು ಅಂಗವಿಕಲರಿಗೆ ಸಾಧನ ಕೊಡಲು 1981ರಿಂದ ನಡೆದುಬಂದಿರುವ ಕೇಂದ್ರದ ಅಡಿಪ್ ಯೋಜನೆಗೆ. ನಿಮ್ಮ ತಾಯಿಗೆ ಒಪ್ಪುವುದು 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆ. ಅದಕ್ಕೆ 60 ವರ್ಷ ತುಂಬಿರಬೇಕು, ಬಿಪಿಎಲ್ ಕಾರ್ಡ್ ಇರಬೇಕು ಅಥವಾ ತಿಂಗಳ ಆದಾಯ 15,000 ರೂಪಾಯಿ ಮೀರಿರಬಾರದು, ಮತ್ತು ವಯಸ್ಸಿನಿಂದ ಬಂದ ತೊಂದರೆ ಇದೆಯೆಂದು ಶಿಬಿರದ ತಜ್ಞರು ಪರೀಕ್ಷಿಸಿ ಬರೆಯಬೇಕು. ಊರುಗೋಲು, ವಾಕರ್, ಶ್ರವಣಸಾಧನ, ಗಾಲಿಕುರ್ಚಿ, ಕನ್ನಡಕ, ಹಲ್ಲಿನ ಸೆಟ್ಟು ಇವೆಲ್ಲ ಪಟ್ಟಿಯಲ್ಲಿವೆ. ಕಿವಿಗೂ ಕಾಲಿಗೂ ತೊಂದರೆ ಇದ್ದರೆ ಎರಡಕ್ಕೂ ಸಾಧನ ಕೇಳಬಹುದು. ಒಂದನ್ನೇ ಆರಿಸಿಕೊಳ್ಳಿ ಎಂದರೆ ಒಪ್ಪಬೇಡಿ.

ಶಿಬಿರ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲನೆಯದು ತಪಾಸಣೆ, ಅಳತೆ, ನೋಂದಣಿ. ವಿತರಣೆ ಇನ್ನೊಂದು ದಿನ, ಕೆಲವೊಮ್ಮೆ ತಿಂಗಳುಗಳ ನಂತರ. ಮೊದಲ ದಿನ ಖಾಲಿ ಕೈಯಲ್ಲಿ ಬಂದೆವೆಂದು ಬೇಸರಪಟ್ಟು ಎರಡನೆಯದಕ್ಕೆ ಹೋಗದವರು ಬಹಳ. ಅಂದು ಕೊಟ್ಟ ಚೀಟಿಯನ್ನು ಜೋಪಾನ ಮಾಡಿ. ನೋಂದಣಿಗೆ ಕೊಡುವ ಮೊಬೈಲ್ ಸಂಖ್ಯೆ ಮನೆಯಲ್ಲಿ ಸದಾ ಚಾಲೂ ಇರುವವರದ್ದಾಗಿರಲಿ. ಶಿಬಿರ ಯಾವಾಗ ಎಂಬುದನ್ನು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿಆರ್‌ಡಬ್ಲ್ಯು, ಹೇಳುತ್ತಾರೆ. ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೂ ಕರೆ ಮಾಡಿ ಕೇಳಬಹುದು.

ಪ್ರಶ್ನೆ: ತಮ್ಮನಿಗೆ ಪೋಲಿಯೋದಿಂದ 65 ಪ್ರತಿಶತ ಅಂಗವೈಕಲ್ಯ. ನಮ್ಮ ಆದಾಯ ಪ್ರಮಾಣಪತ್ರದಲ್ಲಿ ವರ್ಷಕ್ಕೆ 2 ಲಕ್ಷ 40 ಸಾವಿರ ಎಂದಿದೆ. ಆದಾಯ ಹೆಚ್ಚಾಯಿತು ಎಂದು ಒಬ್ಬರು ವಾಪಸು ಕಳಿಸಿದರು.
– ಓದುಗರು, ಸಿರುಗುಪ್ಪ

ಉತ್ತರ: ಅಡಿಪ್ ಮಿತಿಯನ್ನು ತಿಂಗಳ ಲೆಕ್ಕದಲ್ಲಿ ಹೇಳಿದೆ, ನಾಡಕಚೇರಿಯ ಪತ್ರ ವರ್ಷದ ಲೆಕ್ಕದಲ್ಲಿರುತ್ತದೆ. ಎಡವಟ್ಟಾಗುವುದು ಇಲ್ಲಿಯೇ. ತಿಂಗಳಿಗೆ 22,500 ರೂಪಾಯಿವರೆಗೆ ಸಾಧನ ಪೂರ್ತಿ ಉಚಿತ, ಅಂದರೆ ವರ್ಷಕ್ಕೆ 2 ಲಕ್ಷ 70 ಸಾವಿರ. ಅಲ್ಲಿಂದ ಮೇಲೆ 30,000ವರೆಗೆ, ವರ್ಷಕ್ಕೆ 3 ಲಕ್ಷ 60 ಸಾವಿರ, ಅರ್ಧ ಬೆಲೆ. 2022ಕ್ಕೆ ಮೊದಲು ಈ ಮಿತಿಗಳು 15,000 ಮತ್ತು 20,000 ಇದ್ದವು. ಹಳೆಯ ಅಂಕಿ ಇನ್ನೂ ಕೆಲವರ ತಲೆಯಲ್ಲಿದೆ. ನಿಮ್ಮದು ಪೂರ್ತಿ ಉಚಿತದ ಒಳಗೇ ಬರುತ್ತದೆ. ಪೋಷಕರ ಆಶ್ರಯದಲ್ಲಿರುವವರಿಗೆ ಪೋಷಕರ ಆದಾಯ ಹಿಡಿಯುತ್ತಾರೆ ಎಂಬುದು ಗೊತ್ತಿರಲಿ.

ಉಳಿದಂತೆ ಕನಿಷ್ಠ 40 ಪ್ರತಿಶತ ಅಂಗವೈಕಲ್ಯ ಇರಬೇಕು, ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡ್ ಬೇಕು. ಕಾರ್ಡ್ ಇನ್ನೂ ಕೈಗೆ ಬಂದಿಲ್ಲವಾದರೆ ಅರ್ಜಿ ಹಾಕಿದಾಗ ಸಿಕ್ಕ ನೋಂದಣಿ ಸಂಖ್ಯೆ ತೋರಿಸಿ. ಆಧಾರ್, ಯುಡಿಐಡಿ, ಆದಾಯ ಪತ್ರ ಮೂರರಲ್ಲೂ ಹೆಸರಿನ ಕಾಗುಣಿತ, ಇನಿಷಿಯಲ್, ಹುಟ್ಟಿದ ದಿನಾಂಕ ಒಂದೇ ಇದೆಯೇ ಎಂದು ಇವತ್ತೇ ನೋಡಿ. ಬೇರೆಬೇರೆ ಇದ್ದರೆ ಶಿಬಿರದ ದಿನ ಅಲ್ಲಿಯೇ ತಿದ್ದಿಸಲು ಆಗುವುದಿಲ್ಲ.

ಎಲ್ಲರೂ ಗಮನಿಸಬೇಕಾದ ನಿಯಮವೊಂದಿದೆ. ಒಮ್ಮೆ ಸಾಧನ ಪಡೆದರೆ ಅದೇ ಉದ್ದೇಶಕ್ಕೆ ಮತ್ತೆ 3 ವರ್ಷ ಸಿಗುವುದಿಲ್ಲ. 12 ವರ್ಷದೊಳಗಿನ ಮಕ್ಕಳಿಗೆ ಮಾತ್ರ 1 ವರ್ಷ. ಹಾಗಾಗಿ ಅಳತೆಗೆ ಹೊಂದದ್ದನ್ನು 'ಪುಕ್ಕಟೆ ತಾನೇ' ಎಂದು ಸಹಿ ಹಾಕಿ ತಂದರೆ ಮೂರು ವರ್ಷದ ಬಾಗಿಲು ಮುಚ್ಚಿದಂತೆ. ಗಾಲಿಕುರ್ಚಿಯಾದರೆ ಕೂರಿಸಿ ನೋಡಿ: ಸೊಂಟದ ಎರಡೂ ಬದಿ ಒಂದೊಂದು ಬೆರಳು ಮಾತ್ರ ಜಾಗ ಇರಬೇಕು. ಹೆಚ್ಚಿದ್ದರೆ ಬೆನ್ನು ಒಂದು ಕಡೆ ವಾಲುತ್ತದೆ. ಮಂಡಿಯ ಹಿಂಭಾಗ ಸೀಟಿನ ಅಂಚಿಗೆ ತಾಗಬಾರದು, ಮೂರು ಬೆರಳು ಬಿಡುವಿರಲಿ. ಪಾದ ತೂಗಾಡದೆ ಹಲಗೆಯ ಮೇಲೆ ನಿಲ್ಲಬೇಕು. ಹೋಗುವ ಮೊದಲು ಮನೆಯ ಬಾಗಿಲು, ಬಚ್ಚಲ ಬಾಗಿಲುಗಳ ಅಗಲ ಅಳೆದುಕೊಂಡು ಹೋಗಿ. ಬೆನ್ನುಹುರಿಗೆ ಪೆಟ್ಟಾಗಿ ಸ್ಪರ್ಶವಿಲ್ಲದವರು ಒತ್ತಡ ಹಂಚುವ ದಿಂಬಿಲ್ಲದೆ ಗಂಟೆಗಟ್ಟಲೆ ಕೂತರೆ ಹುಣ್ಣಾಗುತ್ತದೆ. ಕುರ್ಚಿಯ ಜೊತೆಗೆ ಅದನ್ನೂ ಬರೆಸಿ.

ಪ್ರಶ್ನೆ: ಅಪ್ಪನಿಗೆ ಶಿಬಿರದಲ್ಲಿ ಶ್ರವಣಸಾಧನ ಕೊಟ್ಟರು. ಹಾಕಿದರೆ ಕುಯ್ ಎನ್ನುತ್ತದೆ, ಗದ್ದಲವೇ ಕೇಳುತ್ತದೆ ಎಂದು ಡಬ್ಬಿಯಲ್ಲಿಟ್ಟಿದ್ದಾರೆ. ಅಗ್ಗದ ಮಾಲು ಎನ್ನೋಣವೇ?
– ಓದುಗರು, ತರೀಕೆರೆ

ಉತ್ತರ: ಸಾಧನವನ್ನು ದೂರುವ ಮೊದಲು ಕಿವಿಗೆ ಅದು ಕೂತಿದೆಯೇ ನೋಡಿ. ಕುಯ್‌ಗುಡುವುದೆಂದರೆ ಒಳಗೆ ಹೋಗಬೇಕಾದ ಸದ್ದು ಸಂದಿಯಿಂದ ಹೊರಬಿದ್ದು ಮೈಕಿಗೆ ಮರಳುತ್ತಿದೆ ಎಂದರ್ಥ. ಸಾಮಾನ್ಯವಾಗಿ ಕಾರಣ ಸಡಿಲ ತುದಿ ಅಥವಾ ಕಿವಿಯ ಗುಗ್ಗೆ. ಮೊದಲು ಗುಗ್ಗೆ ತೆಗೆಸಿ. ಆಮೇಲೂ ನಿಲ್ಲದಿದ್ದರೆ ಅವರ ಕಿವಿಯ ಅಚ್ಚು ತೆಗೆಸಿ ಮೋಲ್ಡ್ ಮಾಡಿಸಿ. ರೆಡಿಮೇಡ್ ರಬ್ಬರ್ ತುದಿ ಎಲ್ಲ ಕಿವಿಗೂ ಹೊಂದುವುದಿಲ್ಲ, ಕಿವುಡುತನ ಹೆಚ್ಚಿದ್ದವರಿಗಂತೂ ಸಾಲುವುದೇ ಇಲ್ಲ.

ಗದ್ದಲದ ದೂರಿಗೆ ಕಾರಣ ಬೇರೆ. ಡಿಜಿಟಲ್ ಸಾಧನವನ್ನು ಆಡಿಯೋಗ್ರಾಮ್, ಅಂದರೆ ಕಿವಿ ಪರೀಕ್ಷೆಯ ವರದಿ ನೋಡಿ ಕಂಪ್ಯೂಟರಿನಲ್ಲಿ ಹೊಂದಿಸಬೇಕು. ಶಿಬಿರದ ನೂಕುನುಗ್ಗಲಲ್ಲಿ ಇದು ಅರೆಬರೆಯಾಗಿರಬಹುದು. ಸಾಧನ, ಆಡಿಯೋಗ್ರಾಮ್, ವಿತರಣೆಯ ಚೀಟಿ ಹಿಡಿದು ಜಿಲ್ಲಾ ಆಸ್ಪತ್ರೆಯ ಶ್ರವಣ ತಜ್ಞರ ಬಳಿ ಹೋಗಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ, ಮೋಲ್ಡ್, ಅಡಿಪ್ ಸಾಧನ ಎಲ್ಲವೂ ಒಂದೇ ಕಡೆ ಸಿಗುತ್ತವೆ. ದೂರದಿಂದ ಹೋಗುವವರು ಬೆಳಿಗ್ಗೆಯೇ ತಲುಪಬೇಕು. ವಯೋಶ್ರೀಯಲ್ಲಿ ಬಂದದ್ದಾದರೆ ಮೊದಲ 1 ವರ್ಷದ ರಿಪೇರಿ ಸಾಧನ ತಯಾರಿಸುವ ಅಲಿಮ್ಕೋ ಸಂಸ್ಥೆಯ ಹೊಣೆ.

ರೂಢಿ ಮಾಡಿಸುವುದಕ್ಕೂ ಕ್ರಮವಿದೆ. ವರ್ಷಗಟ್ಟಲೆ ಕೇಳದ ಫ್ಯಾನಿನ ಸದ್ದು, ಪಾತ್ರೆಯ ಸದ್ದು ಏಕಾಏಕಿ ಮುಗಿಬಿದ್ದರೆ ಯಾರಿಗೂ ಸಹಿಸಲಾಗದು. ಮೊದಲ ವಾರ ಮನೆಯೊಳಗೆ, ಒಬ್ಬರೇ ಮಾತಾಡುವಾಗ, ದಿನಕ್ಕೆ ಒಂದೆರಡು ಗಂಟೆ ಸಾಕು. ನಂತರ ಹೆಚ್ಚಿಸುತ್ತ ಹೋಗಿ. ಸಂತೆ, ಮದುವೆ ಮನೆ ಕೊನೆಗೆ. ಎದುರು ಕೂತು ನಿಧಾನ ಮಾತಾಡಿ, ಕೂಗಬೇಡಿ.

ಸೆಲ್ ವಿಷಯ: ಕಿತ್ತಳೆ ಬಣ್ಣದ ಗುರುತಿನದು 13, ನೀಲಿಯದು 675. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಸ್ಟಿಕ್ಕರ್ ತೆಗೆದ ಕೂಡಲೇ ಗಾಳಿ ತಾಗಿ ಸೆಲ್ ಕೆಲಸ ಶುರುಮಾಡುತ್ತದೆ, ಮತ್ತೆ ಅಂಟಿಸಿದರೂ ಉಳಿಯುವುದಿಲ್ಲ. ತೆಗೆದು ಒಂದೆರಡು ನಿಮಿಷ ಬಿಟ್ಟು ಹಾಕಿ. ಒಂದು ಸೆಲ್ ಒಂದರಿಂದ ಎರಡು ವಾರ ಬರುತ್ತದೆ. ಈ ಖರ್ಚು ಮನೆಯದ್ದೇ, ಮೊದಲೇ ಲೆಕ್ಕ ಹಾಕಿಕೊಳ್ಳಿ. ರಾತ್ರಿ ಸೆಲ್ ಬಾಗಿಲು ತೆರೆದು ತೇವ ಹೀರುವ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ಮಲೆನಾಡಿನ ಮಳೆಗಾಲದಲ್ಲಿ ಇದು ತಪ್ಪಬಾರದು. ಮೋಲ್ಡನ್ನು ಯಂತ್ರದಿಂದ ಬಿಡಿಸಿ ಸೋಪಿನ ನೀರಲ್ಲಿ ತೊಳೆದು, ಕೊಳವೆಯೊಳಗಿನ ನೀರು ಊದಿ, ಪೂರ್ತಿ ಒಣಗಿಸಿ ಜೋಡಿಸಿ. ಕೊಳವೆ ಹಳದಿಯಾಗಿ ಗಡುಸಾದರೆ ಬದಲಿಸಬೇಕು.

ಪ್ರಶ್ನೆ: ಸಕ್ಕರೆ ಕಾಯಿಲೆಯಿಂದ ಅಣ್ಣನ ಕಾಲನ್ನು ಮಂಡಿಯ ಕೆಳಗೆ ತೆಗೆದು ಒಂದು ತಿಂಗಳಾಯಿತು. ಕೃತಕ ಕಾಲಿಗೆ ಅಳತೆ ಕೊಡಲು ಹೋದರೆ, ಈಗ ಬೇಡ ಎಂದರು.
– ಓದುಗರು, ಶಹಾಪುರ

ಉತ್ತರ: ಅವರು ಹೇಳಿದ್ದು ಸರಿ. ಗಾಯ ಪೂರ್ತಿ ಮಾಯಬೇಕು, ಬಾವು ಇಳಿಯಬೇಕು. ಈಗಲೇ ಅಳತೆ ತೆಗೆದರೆ ಸಾಧನ ಬರುವಷ್ಟರಲ್ಲಿ ಉಳಿದ ಕಾಲು ಸೊರಗಿ ಅದು ಕೂರುವ ಬಟ್ಟಲು, ಅಂದರೆ ಸಾಕೆಟ್, ಸಡಿಲವಾಗುತ್ತದೆ, ಉಜ್ಜಿ ಹುಣ್ಣಾಗುತ್ತದೆ. ಸ್ಪರ್ಶ ಕಡಿಮೆಯಿರುವ ಸಕ್ಕರೆ ರೋಗಿಗೆ ಆ ಹುಣ್ಣು ಗೊತ್ತೂ ಆಗದು.

ಆದರೆ ಈ ಕಾಯುವ ದಿನಗಳಲ್ಲಿ ಮಾಡುವುದು ಬಹಳ ಇದೆ, ಅದನ್ನು ಮಾಡದಿದ್ದರೆ ಎಂಥ ಒಳ್ಳೆಯ ಕಾಲೂ ಕೂರುವುದಿಲ್ಲ. ವೈದ್ಯರು ಒಪ್ಪಿದ ಮೇಲೆ ಎಲಾಸ್ಟಿಕ್ ಬ್ಯಾಂಡೇಜನ್ನು ಇಂಗ್ಲಿಷಿನ ಎಂಟರ ಆಕಾರದಲ್ಲಿ ಅಡ್ಡಡ್ಡ ಸುತ್ತಿ: ತುದಿಯಲ್ಲಿ ಬಿಗಿ, ಮೇಲೆ ಹೋದಂತೆ ಸಡಿಲ. ಬಳೆಯಂತೆ ಗುಂಡಗೆ ಸುತ್ತಿದರೆ ರಕ್ತ ಕಟ್ಟಿ ತುದಿ ಊದುತ್ತದೆ. ದಿನಕ್ಕೆ ನಾಲ್ಕೈದು ಸಲ ಬಿಚ್ಚಿ ಚರ್ಮ ನೋಡಿ ಮತ್ತೆ ಸುತ್ತಬೇಕು. ಮಂಡಿಯ ಕೆಳಗೆ ದಿಂಬಿಟ್ಟು ಮಲಗಿಸಬೇಡಿ. ಆ ಕ್ಷಣಕ್ಕೆ ಹಾಯೆನಿಸುತ್ತದೆ, ಆದರೆ ಮಂಡಿ ಮಡಚಿದಂತೆಯೇ ಬಿಗಿದುಬಿಡುತ್ತದೆ. ದಿನವೂ ಮಂಡಿ ನೇರಮಾಡುವ ವ್ಯಾಯಾಮ ಬೇಕು.

ಇದೇ ಹೊತ್ತಿನಲ್ಲಿ ಯುಡಿಐಡಿ ಅರ್ಜಿ, ಆದಾಯ ಪತ್ರ ಮುಗಿಸಿಕೊಳ್ಳಿ. ಅಡಿಪ್ ಸಾಧನಗಳನ್ನು ತಯಾರಿಸುವ ಅಲಿಮ್ಕೋ ಕಾನ್ಪುರದ್ದು, 1972ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರಿ ಸಂಸ್ಥೆ. ಬೆಂಗಳೂರಿನಲ್ಲೂ ಅದರ ಘಟಕವಿದೆ. ಕಾಲು ಬಂದ ಮೊದಲ ದಿನ ಅರ್ಧ ಗಂಟೆ ಹಾಕಿ ಬಿಚ್ಚಿ ನೋಡಿ. ಕೆಂಪಗಾದದ್ದು ಹತ್ತು ಹದಿನೈದು ನಿಮಿಷದಲ್ಲಿ ಮಾಸದಿದ್ದರೆ ಅಲ್ಲಿ ಒತ್ತುತ್ತಿದೆ. ಸಾಕೆಟ್ ತಿದ್ದಿಸದೆ ನಡೆಸಬೇಡಿ. ಮುಂದೆ ಸಡಿಲವಾದರೆ ಹತ್ತಿಯ ಸಾಕ್ಸ್ ಒಂದು ಪದರ ಹೆಚ್ಚಿಸಬಹುದು. ಪದರದ ಮೇಲೆ ಪದರ ಸೇರಿಸಬೇಕಾಗಿ ಬಂದರೆ ಸಾಕೆಟ್ಟೇ ಬದಲಾಗಬೇಕು.

ಪ್ರಶ್ನೆ: ಬ್ಯಾಟರಿ ತ್ರಿಚಕ್ರ ವಾಹನ ಒಳ್ಳೆಯದೋ, ರಾಜ್ಯ ಸರ್ಕಾರದ ಪಕ್ಕದ ಚಕ್ರದ ಸ್ಕೂಟರೋ?
– ಓದುಗರು, ಕುಣಿಗಲ್

ಉತ್ತರ: ನಿಮ್ಮ ಕೈಗಳ ಬಲ ನೋಡಿ ತೀರ್ಮಾನಿಸಿ. ಸ್ಕೂಟರಿಗೆ ಎರಡೂ ಕೈ ಗಟ್ಟಿಯಿರಬೇಕು, ಚಾಲನಾ ಪರವಾನಗಿ ಬೇಕು, ಪೆಟ್ರೋಲು ನಿಮ್ಮದು. ದೂರದ ಕೆಲಸಕ್ಕೆ ಹೋಗುವವರಿಗೆ ಅದೇ ಸರಿ. ಬ್ಯಾಟರಿಯದು ತೀವ್ರ ವೈಕಲ್ಯದವರಿಗೆ. ಅಲಿಮ್ಕೋ ಶಿಬಿರಗಳಲ್ಲಿ 80 ಪ್ರತಿಶತ ಮತ್ತು 16 ವರ್ಷ ತುಂಬಿರುವುದನ್ನು ಕೇಳುತ್ತಾರೆ. ಊರೊಳಗಿನ ಅಂಗಡಿ, ಶಾಲೆ, ಕಾಲೇಜಿಗೆ ಅದು ಸಾಕು. ಬಳಸಿದ ದಿನವೇ ಚಾರ್ಜಿಗಿಡಿ. ಪೂರ್ತಿ ಖಾಲಿಯಾದ ಸೀಸದ ಬ್ಯಾಟರಿಯನ್ನು ವಾರಗಟ್ಟಲೆ ಬಿಟ್ಟರೆ ಅದು ಮತ್ತೆ ಚೇತರಿಸಿಕೊಳ್ಳುವುದಿಲ್ಲ. ತಿರುವಿನಲ್ಲಿ ವೇಗ ಬೇಡ, ಮೂರು ಚಕ್ರದ ಗಾಡಿ ಪಕ್ಕಕ್ಕೆ ಮಗುಚುತ್ತದೆ.

ಪ್ರಶ್ನೆ: ಎರಡೂವರೆ ವರ್ಷದ ಮಗಳಿಗೆ ಹುಟ್ಟಿನಿಂದ ಕೇಳುವುದಿಲ್ಲ. ದೊಡ್ಡವಳಾದ ಮೇಲೆ ಕಿವಿಯೊಳಗೆ ಸಾಧನ ಕೂರಿಸುವ ಕಾಕ್ಲಿಯರ್ ಶಸ್ತ್ರಚಿಕಿತ್ಸೆ ಮಾಡಿಸಿದರಾಗದೇ?
– ಓದುಗರು, ಇಂಡಿ

ಉತ್ತರ: ಆಗದು, ದಯವಿಟ್ಟು ಕಾಯಬೇಡಿ. ಮಾತು ಕಲಿಯುವ ಮಿದುಳಿನ ಶಕ್ತಿ ಮೊದಲ ವರ್ಷಗಳಲ್ಲೇ ಹೆಚ್ಚು. ಅಡಿಪ್‌ನಲ್ಲಿ ಹುಟ್ಟು ಕಿವುಡಿನ ಮಕ್ಕಳಿಗೆ 5 ವರ್ಷದ ಮಿತಿಯೂ ಇದೆ, ಪರೀಕ್ಷೆ, ಸ್ಕ್ಯಾನ್, ಸರದಿ ಎಂದು ತಿಂಗಳುಗಳು ಕಳೆಯುತ್ತವೆ. ಈ ಅರ್ಜಿಗಳ ಹೊಣೆ ಮುಂಬಯಿಯ ಅಲಿ ಯಾವರ್ ಜಂಗ್ ವಾಕ್ ಶ್ರವಣ ಸಂಸ್ಥೆಯದು. ಇದೇ ಚಿಕಿತ್ಸೆಗಿರುವ ರಾಜ್ಯದ ಶ್ರವಣ ಸಂಜೀವಿನಿ ಯೋಜನೆಯ ಬಗ್ಗೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಅಲ್ಲಿಯವರೆಗೆ ಮಗುವಿಗೆ ಶ್ರವಣಸಾಧನ ಹಾಕಿ ತರಬೇತಿ ಶುರುಮಾಡಿ. ಶಸ್ತ್ರಚಿಕಿತ್ಸೆಯ ನಂತರ ವರ್ಷಗಟ್ಟಲೆ ಮಾತಿನ ತರಬೇತಿ ನಡೆಯಬೇಕು, ಮನೆಯಲ್ಲಿ ಒಬ್ಬರು ಅದಕ್ಕೆ ಸಮಯ ಕೊಡಲೇಬೇಕು.

ಪ್ರಶ್ನೆ: 'ಸರ್ಕಾರದಿಂದ ಉಚಿತ ಟ್ಯಾಬ್, 99 ರೂಪಾಯಿ ಕಟ್ಟಿ ನೋಂದಾಯಿಸಿ' ಎಂಬ ವಾಟ್ಸಾಪ್ ಲಿಂಕ್ ನಂಬಬಹುದೇ?
– ಓದುಗರು, ಹೊಸಕೋಟೆ

ಉತ್ತರ: ಬೇಡ. ಮೇಲೆ ಹೇಳಿದ ಯಾವ ಸಾಧನಕ್ಕೂ ನೋಂದಣಿಗೆಂದು ಯಾರದ್ದೋ ಫೋನಿಗೆ ಹಣ ಕಳಿಸುವ ಪದ್ಧತಿ ಇಲ್ಲ, ಫೋನ್ ಮಾಡಿ ಒಟಿಪಿ ಕೇಳುವ ಪದ್ಧತಿಯೂ ಇಲ್ಲ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಆಧಾರ್ ಪ್ರತಿಯನ್ನೂ ಕಳಿಸಿದ್ದರೆ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಡಿ; ಶಿಬಿರಕ್ಕೆ ಹೋಗುವ ದಿನ ಅದನ್ನು ತೆರೆದುಕೊಂಡು ಹೋಗಲು ಮರೆಯಬೇಡಿ.