ಸನ್‌ಪ್ಯಾಕ್ ಬೋರ್ಡಿಗೆ ವಿನೈಲ್: ಮೊದಲು ಅಂಟಿಸಿ, ಆಮೇಲೆ ಕತ್ತರಿಸಿ

ಪ್ರಶ್ನೆ: ಅಳತೆಗೆ ಕತ್ತರಿಸಿಟ್ಟ ಸನ್‌ಪ್ಯಾಕ್ (ಒಳಗೆ ಸಾಲು ಕೊಳವೆಗಳಿರುವ ಪ್ಲಾಸ್ಟಿಕ್ ಶೀಟು) ಬೋರ್ಡುಗಳಿಗೆ ಪ್ರಿಂಟಾದ ವಿನೈಲನ್ನು (ಹಿಂಬದಿಗೆ ಅಂಟಿರುವ ತೆಳು ಪ್ಲಾಸ್ಟಿಕ್ ಹಾಳೆ) ನೀರು ಚಿಮುಕಿಸಿ ಒಂದೊಂದಾಗಿ ಅಂಟಿಸುತ್ತೇನೆ. 50 ಬೋರ್ಡಿನ ಆರ್ಡರ್ ಬಂದರೆ ಇಡೀ ದಿನ ಅದಕ್ಕೇ ಹೋಗುತ್ತದೆ. ಗುಳ್ಳೆ ಬರುತ್ತದೆ, ಮರುದಿನ ಕೆಲವು ಅಂಚು ಏಳುತ್ತವೆ. ಬೇಗ ಮುಗಿಸುವುದು ಹೇಗೆ?

ಉತ್ತರ: ನಿಮ್ಮ ಕೈ ನಿಧಾನವಲ್ಲ, ಕೆಲಸದ ಕ್ರಮ ತಿರುಗುಮುರುಗಾಗಿದೆ. 50 ಬೋರ್ಡಿಗೆ 50 ಸಲ ಅಂಚು ಹೊಂದಿಸುವ ಬದಲು 8x4 ಅಡಿಯ ಇಡೀ ಶೀಟಿನ ಅಳತೆಗೆ ಹಲವು ಫಲಕಗಳನ್ನು ಒಟ್ಟಿಗೆ ಜೋಡಿಸಿ ಪ್ರಿಂಟ್ ಮಾಡಿ. ಒಂದೇ ಸಲ ಅಂಟಿಸಿ, ಆಮೇಲೆ ವಿನೈಲ್ ಮತ್ತು ಬೋರ್ಡನ್ನು ಸೇರಿಸಿಯೇ ಕತ್ತರಿಸಿ. ಹೊಸ ಬ್ಲೇಡು, ಉಕ್ಕಿನ ಸ್ಕೇಲು ಸಾಕು. ಪ್ರತಿ ಫಲಕದ ಬಣ್ಣ ಕತ್ತರಿಸುವ ಗೆರೆಯಿಂದ ಸ್ವಲ್ಪ ಆಚೆಗೂ ಪ್ರಿಂಟಾಗಿರಲಿ. ಕಟ್ ತುಸು ಸರಿದರೂ ಬಿಳಿ ಗೆರೆ ಕಾಣುವುದಿಲ್ಲ. ತಂತಿಯ ಕಾಲು ಚುಚ್ಚಿ ನೆಲಕ್ಕೆ ನೆಡುವ ಫಲಕವಾದರೆ ಬೋರ್ಡಿನೊಳಗಿನ ಕೊಳವೆಗಳು ಮೇಲಿನಿಂದ ಕೆಳಕ್ಕೆ ಇರಬೇಕು. ಇದನ್ನು ಲೇಔಟ್ ಮಾಡುವಾಗಲೇ ನೋಡಿಕೊಳ್ಳಿ, ಕಟರ್ ಕೈಗೆ ತೆಗೆದುಕೊಂಡ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ನೀರನ್ನು ಗಾಜಿನ ಕೆಲಸಕ್ಕೆ ಬಿಟ್ಟುಬಿಡಿ. ಸನ್‌ಪ್ಯಾಕ್ ಎಂದರೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. ಅದಕ್ಕೆ ಅಂಟು ಹಿಡಿಯುವುದೇ ಕಷ್ಟ. ಹಿಡಿಯಲೆಂದೇ ಕಾರ್ಖಾನೆಯಲ್ಲಿ ಮೇಲ್ಮೈಗೆ ಕರೋನಾ ಟ್ರೀಟ್‌ಮೆಂಟ್ (ವಿದ್ಯುತ್ ಕಿಡಿಯ ಸಂಸ್ಕರಣೆ) ಕೊಡುತ್ತಾರೆ. ದಿನ ಕಳೆದಂತೆ ಅದರ ಪರಿಣಾಮ ಕುಗ್ಗುತ್ತದೆ. ಹಳೆಯ ಸ್ಟಾಕಿನ ಮೂಲೆಗೆ ನಾಲ್ಕು ಹನಿ ನೀರು ಹಚ್ಚಿ ನೋಡಿ: ತೆಳ್ಳಗೆ ಹರಡಿದರೆ ಸರಿ, ಮಣಿಮಣಿಯಾಗಿ ನಿಂತರೆ ಆ ಶೀಟನ್ನು ಬೇರೆ ಕೆಲಸಕ್ಕಿಡಿ. ಒಳ್ಳೆಯ ಶೀಟನ್ನೂ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಪೂರ್ತಿ ಆರಿದ ಮೇಲೆಯೇ ಅಂಟಿಸಿ.

ವಿನೈಲನ್ನು ಶೀಟಿನ ಮೇಲೆ ಹೊಂದಿಸಿಟ್ಟು ನಡುವೆ ಅಡ್ಡಲಾಗಿ ಮಾಸ್ಕಿಂಗ್ ಟೇಪ್ ಹಾಕಿ. ಒಂದು ಅರ್ಧವನ್ನು ಮಡಚಿ, ಹಿಂಬದಿ ಕಾಗದ ಬಿಡಿಸಿ ಕತ್ತರಿಸಿ, ಫೆಲ್ಟ್ ಬಟ್ಟೆ ಹಚ್ಚಿದ ಸ್ಕ್ವೀಜಿಯಿಂದ (ಉಜ್ಜುವ ಚಪ್ಪಟೆ ಪಟ್ಟಿ) ನಡುವಿನಿಂದ ಹೊರಗೆ ಎಳೆಯುತ್ತ ಹೋಗಿ. ಆಮೇಲೆ ಟೇಪ್ ಕಿತ್ತು ಇನ್ನರ್ಧ. ಬಲ ಹಾಕಿ ಉಜ್ಜಿದರೆ ಕೊಳವೆ ಕುಸಿದು ಸಾಲುಸಾಲಾಗಿ ಗುರುತು ಬೀಳುತ್ತದೆ. ಕೋಲ್ಡ್ ಲ್ಯಾಮಿನೇಟರ್ (ಬಿಸಿಯಿಲ್ಲದೆ ರೋಲರ್‌ಗಳಿಂದ ಒತ್ತಿ ಅಂಟಿಸುವ ಯಂತ್ರ) ಇದ್ದರೆ ಬೋರ್ಡನ್ನೇ ಅದರೊಳಗೆ ಬಿಡಬಹುದು. ರೋಲರ್ ಬಿಗಿ ಮಾತ್ರ ಹದವಾಗಿರಲಿ. ಎರಡು ಬದಿಯ ಫಲಕಕ್ಕೆ ಎರಡನ್ನೂ ಅಂಟಿಸಿಯೇ ಕತ್ತರಿಸಬೇಕು. ಹಾಗಾಗಿ ಎರಡೂ ಲೇಔಟನ್ನು ಶೀಟಿನ ಒಂದೇ ಅಂಚಿಗೆ ಹೊಂದಿಸಿ.

ಅಂಚು ಏಳುವುದಕ್ಕೆ ಹಳೆಯ ಶೀಟಿನಷ್ಟೇ ಅವಸರವೂ ಕಾರಣವಿರಬಹುದು. ಸಾಲ್ವೆಂಟ್ ಇಂಕಿನ ಪ್ರಿಂಟು ಮುಟ್ಟಿದರೆ ಒಣಗಿದಂತೆ ಕಂಡರೂ ಒಳಗೆ ಉಳಿದ ಸಾಲ್ವೆಂಟ್ ಅಂಟನ್ನು ಮೆತ್ತಗಾಗಿಸುತ್ತದೆ, ವಿನೈಲು ಸುರುಳುತ್ತದೆ. ಕನಿಷ್ಠ 24 ಗಂಟೆ ಬಿಚ್ಚಿಡಿ, ಇಲ್ಲವೇ ಸಡಿಲವಾಗಿ ಸುತ್ತಿ ನಿಲ್ಲಿಸಿಡಿ. ಇಂದು ಪ್ರಿಂಟ್, ನಾಳೆ ಅಂಟು ಎಂದು ಗಿರಾಕಿಗೆ ಮೊದಲೇ ಹೇಳುವುದು ವಾಸಿ.

ಒಂದೇ ವಿನ್ಯಾಸದ ನೂರಾರು ಬೋರ್ಡುಗಳ ಆರ್ಡರಾದರೆ ವಿನೈಲಿನ ಗೊಡವೆಯೇ ಬೇಡ. ನೇರವಾಗಿ ಬೋರ್ಡಿನ ಮೇಲೆಯೇ ಸ್ಕ್ರೀನ್ ಪ್ರಿಂಟ್ ಅಥವಾ ಯುವಿ ಫ್ಲ್ಯಾಟ್‌ಬೆಡ್ ಪ್ರಿಂಟ್ (ಬೋರ್ಡನ್ನು ಚಪ್ಪಟೆಯಾಗಿ ಇಟ್ಟು ಮುದ್ರಿಸಿ, ಯುವಿ ಬೆಳಕಿನಿಂದ ಇಂಕು ಗಟ್ಟಿಮಾಡುವ ವಿಧಾನ) ಮಾಡಿಸಿ.